ಒಂಬತ್ತನೇ ನಂಬರಿನ ಮಂಗಳ

ನಮ್ಮ ಮನೆಯಲ್ಲಿ ಈಗ ಅಂಗೈಯಗಲದ ಕಂಪ್ಯೂಟರೊಂದಿದೆ. ಮೊಮ್ಮಗಳು ತಂದು ಟಿ.ವಿ. ಪಕ್ಕದ ಹಲಗೆಯ ಮೇಲೆ ಕೂರಿಸಿದ್ದಾಳೆ. ಮನೆಯ ಹಾಡುಗಳೆಲ್ಲ ಅದರ ಹೊಟ್ಟೆಯಲ್ಲಿವೆಯಂತೆ. ಅಡುಗೆಮನೆಯಲ್ಲಿ ಬೇಕೆಂದರೆ ಅಡುಗೆಮನೆಯಲ್ಲಿ, ಮಹಡಿಯಲ್ಲಿ ಬೇಕೆಂದರೆ ಮಹಡಿಯಲ್ಲಿ ಹಾಡುತ್ತದೆ.

"ಅಜ್ಜಾ, ಇಂಥದ್ದು ಎಲ್ಲಾದ್ರೂ ನೋಡಿದ್ದ್ಯಾ?" ಎಂದಳು.

ನೋಡಿದ್ದ್ಯಾ ಅಂತೆ! "ನಿಮ್ಮಪ್ಪಗೆ ಇನ್ನೂ ಮೀಸಿ ಸರಿಯಾಗಿ ಬಂದಿರ್ಲಿಲ್ಲ, ಆವಾಗ್ಲೇ ನಾನಿದನ್ನ ಕುಪ್ಪಗಡ್ಡ್ಯಾಗೆ ಕುಂದರ್ಸಿದ್ದೆ. ದನದ ಕೊಟ್ಟಿಗಿಗೂ ಒಂದು ಸ್ಪೀಕರ್ ಕೊಟ್ಟಿದ್ದೆ" ಎಂದೆ. ನಾನು ಹೇಳುವುದರಲ್ಲಿ ಅರ್ಧ ಸುಳ್ಳೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ಅವಳು ನಕ್ಕು ಸುಮ್ಮನಾದಳು.

ಸಂಜೆ ನೋಡಿದರೆ ಧೂಳು ಕೂರಬಾರದೆಂದು ಯಾರೋ ಅದರ ಮೇಲೆ ನನ್ನ ಉಣ್ಣೆಯ ಶಾಲು ಹೊದಿಸಿದ್ದರು. ಕೈಯಿಟ್ಟೆ. ಬಿಸಿ. ಕಾದ ಉಣ್ಣೆಯ ವಾಸನೆ ಮೂಗಿಗೆ ಹತ್ತಿತು. ಶಾಲು ಎಳೆದು ಬಿಸಾಕಿ ಅಲ್ಲೇ ಕುರ್ಚಿಯ ಮೇಲೆ ಕೂತೆ. ಮೊಮ್ಮಗಳು ಓಡಿ ಬಂದು "ಏನಾತಜ್ಜಾ?" ಎಂದು ಕೇಳಿದಳು. ಯಾವ ಪ್ರಶ್ನೆಗೂ ಒಂದು ಸುಳ್ಳನ್ನು ಸಿದ್ಧವಿಟ್ಟುಕೊಂಡಿರುವ ನಾನು ಈ ಸಲ ನಿಜವನ್ನೇ ಹೇಳಲು ಹೊರಟೆ.

ನನ್ನನ್ನು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾನು ಶಿಕಾರಿಪುರದ ಮೈಕ್ ಸೆಟ್ ಬಸಣ್ಣ. ಮದುವೆ, ನಾಟಕ, ಎಲೆಕ್ಷನ್ ಏನೇ ಇರಲಿ, ನನ್ನ ಹಾರ್ನು ಕಟ್ಟದೆ ಎರಡು ತಾಲ್ಲೂಕಿನಲ್ಲಿ ಎಲೆ ಹಾಕುತ್ತಿರಲಿಲ್ಲ. ಜೊತೆಗೆ ಒಂದು ಕ್ಯಾಸೆಟ್ ಅಂಗಡಿ. ಈಸೂರಿನ ಮದುವೆಯೊಂದರಲ್ಲಿ ಊಟದ ಪಂಕ್ತಿ ನಡೆದಿದ್ದಾಗ, "ಹುಡುಗನ ಸೋದರಮಾವನವರು ಇದೀಗ ಹನ್ನೊಂದನೇ ಹೋಳಿಗೆ ಮುಗಿಸಿದ್ದಾರೆ, ಎಲ್ಲರೂ ಚಪ್ಪಾಳೆ ತಟ್ಟಬೇಕಾಗಿ ವಿನಂತಿ" ಎಂದು ಮೈಕಿನಲ್ಲಿ ಕೂಗಿದವನು ನಾನೇ. ಮಾವನವರು ಎಲೆ ಬಿಟ್ಟೆದ್ದು ಹೋದರು. ಅವರನ್ನು ಸಮಾಧಾನ ಮಾಡಿ ಕರೆತರಲು ಬೀಗರೆಲ್ಲ ಬಸ್ಸು ನಿಲ್ಲುವ ಜಾಗದವರೆಗೆ ನಡೆದರು. ಮುಂದೆ ಅದೇ ಮಾವ ತನ್ನ ಮಗಳ ಮದುವೆಗೆ ನನ್ನನ್ನೇ ಕರೆದ. ಅದು ನನ್ನ ಗತ್ತು.

ಇಂಥ ನನ್ನನ್ನು ಮಾತಿನಲ್ಲಿ ಮಣ್ಣು ಮುಕ್ಕಿಸುತ್ತಿದ್ದವನು ಒಬ್ಬನೇ, ಕುಪ್ಪಗಡ್ಡೆಯ ಗುತ್ಯಪ್ಪ. ಭತ್ತ ಬೆಳೆಯುವ ಸಾಧಾರಣ ರೈತ, ಊರಿನ ಭಜನೆ ಮೇಳದ ಮುಂದಾಳು. ಅವರ ಸಪ್ತಾಹಕ್ಕೆ ಮೈಕ್ ಕಟ್ಟಲು ಮೊದಲ ಸಲ ಹೋದಾಗ ಅವನ ದನಿ ಕೇಳಿ ನನ್ನ ಆಂಪ್ಲಿಫೈಯರಿನ ಕಿವಿ ತಿರುವಿ ಕಮ್ಮಿ ಮಾಡಿದ್ದೆ.

"ಲೇ ಗುತ್ಯಾ, ನೀ ಹಾಡೋದಾದ್ರ ನನ್ನ ಮೈಕ್ ಯಾಕಲೇ? ಬಾಡಿಗಿ ಕೊಟ್ಟು ಹಾಳಾಗ್ತಿ" ಎಂದಿದ್ದೆ.

"ನಿನ್ ಮೈಕು ನನ್ ದನಿ ಕೇಳಿ ಒಂದೀಟು ಕಲೀಲಿ ಅಂತ ಇಟ್ಕಂಡಿದೀನಿ ಮಾರಾಯ" ಎಂದಿದ್ದ.

ಅಲ್ಲಿಂದ ಶುರುವಾದ ಸ್ನೇಹ. ಅವನ ಗದ್ದೆಯಲ್ಲಿ ಭತ್ತ ಹಾಲುಗಾಳಾಗಿ ಗಿಳಿಯ ಹಿಂಡು ಇಳಿದರೆ, ಬೇರೆಯವರಂತೆ ಡಬ್ಬಿ ಬಡಿಯುವುದು, ಕವಣೆ ಬೀಸುವುದು ಅವನಿಗೆ ಬೇಕಿರಲಿಲ್ಲ. ಬದುವಿನ ಮೇಲೆ ನಿಂತು "ಹೋ...ಯ್" ಎಂದು ಒಂದೇ ಒಂದು ಸಲ ಕೂಗುತ್ತಿದ್ದ. ಅಕ್ಕಪಕ್ಕದವರ ಗದ್ದೆಯ ಗಿಳಿಗಳೂ ಎದ್ದು ಹಾರುತ್ತಿದ್ದವು. "ನಿನ್ನ ಸಂಗೀತದ ಬೆಲೆ ತಿಳಿದೋರು ಅವು ನೋಡಲೇ, ಕೇಳಿದ ಕೂಡ್ಲೇ ಊರು ಬಿಡ್ತಾವ" ಎಂದು ಜನ್ಮವಿಡೀ ಗೋಳು ಹೊಯ್ದುಕೊಂಡೆ. ಗೋಳು ಹೊಯ್ದುಕೊಳ್ಳುತ್ತಲೇ ಪ್ರತಿ ಸಪ್ತಾಹದಲ್ಲೂ ಅವನ ಹಾಡನ್ನು ಕ್ಯಾಸೆಟ್ಟಿಗೆ ಹಿಡಿದು ಅವನ ಹೆಂಡತಿ ನೀಲಮ್ಮನ ಕೈಗೆ ಕೊಟ್ಟು ಬರುತ್ತಿದ್ದೆ.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಗುತ್ಯಪ್ಪನ ಗಂಟಲಿನಲ್ಲಿ ಗಡ್ಡೆ ಇದೆ ಎಂದು ತಿಳಿಯಿತು. ಹುಬ್ಬಳ್ಳಿಗೆ ಒಯ್ದರು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು ಎಂದರು. ತೆಗೆದರು. ಕುತ್ತಿಗೆಯಲ್ಲಿ ಉಸಿರಾಡಲೊಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಹಾಗೆ ಮನೆಗೆ ಬಂದ.

ನೋಡಲು ಹೋದೆ. ಸುಮ್ಮನೆ ಕೂರುವುದು ನನಗೆ ಬರುವುದಿಲ್ಲವಲ್ಲ. "ಏನಲೇ ಗುತ್ಯಾ, ಈಗ್ಲಾದ್ರೂ ನನ್ನ ಮಾತಿಗೆ ಎದುರು ಮಾತಿಲ್ಲದಂಗಾತು" ಎಂದೆ. ಅವನು ನಗುತ್ತಾನೆ ಎಂದುಕೊಂಡಿದ್ದೆ. ತುಟಿ ಆಡಿಸಿದ. ಬಟ್ಟೆಯ ಹಿಂದಿನಿಂದ ಸುಂಯ್ ಎಂದು ಗಾಳಿ ಬಂತು. ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ಅಲ್ಲಿಯವರೆಗೆ ನನ್ನ ಕುಚೇಷ್ಟೆಗಳು ಬದುಕಿದ್ದುದು ಅವನ ಮರುಮಾತಿನಿಂದ ಎಂಬುದು ಆಗ ತಿಳಿಯಿತು.

ನೀಲಮ್ಮ ನನ್ನನ್ನು ಅಂಗಳದವರೆಗೆ ಕಳಿಸಲು ಬಂದಳು. "ಬಸಣ್ಣಾರೇ, ಅನ್ನ ಮುಟ್ಟಾದಿಲ್ಲ. ಮೊನ್ನೆ ಹಾಡಾದ್ರೂ ಕೇಳ್ಲಿ ಅಂತ ಅವ್ರದೇ ಕ್ಯಾಸೆಟ್ ಹಾಕ್ದೆ. ಎಲ್ಲಾ ಬೂಸ್ಲು ಹಿಡ್ದಾವೆ. ದನಿ ಎಮ್ಮೆ ಕೂಗ್ದಂಗೆ ಎಳೀತು, ಆಮೇಲೆ ಟೇಪ್ ರೆಕಾರ್ಡ್ರು ರೀಲು ನುಂಗ್ಬಿಡ್ತು. ಅವ್ರ್ ಕಣ್ಣೆದುರಿಗೇ. ಆವತ್ತಿಂದ ಹಿಂಗೇ, ಯಾರ್ ಬಂದ್ರೂ ಗ್ವಾಡೆ ಕಡೆ ತಿರುಗ್ತಾರೆ."

ಅವಳು ಕ್ಯಾಸೆಟ್ಟುಗಳ ಚೀಲವನ್ನು ನನ್ನ ಕೈಗಿತ್ತಳು. ಬಿಳಿ ಬೂಸಲು ರೀಲಿನ ಅಂಚಿಗೆ ಹತ್ತಿಯಂತೆ ಅಂಟಿತ್ತು. ಅವನ ದನಿ ಎಂದು ಈ ಭೂಮಿಯ ಮೇಲೆ ಉಳಿದಿದ್ದು ಅಷ್ಟೇ. ಮೇಳದವರಿಗೆ ನಾನು ಆಗೀಗ ಕೊಟ್ಟಿದ್ದ ಪ್ರತಿಗಳ ಮೇಲೆ ಅವರು ಎಂದೋ ಸಿನಿಮಾ ಹಾಡು ತುಂಬಿಸಿಕೊಂಡಿದ್ದರು. ತುಂಬಿಸಿಕೊಟ್ಟವನೂ ನಾನೇ. ನಮ್ಮ ವ್ಯಾಪಾರ ನಡೆಯುತ್ತಿದ್ದದ್ದೇ ಹಾಗೆ.

ಶಿಕಾರಿಪುರದಲ್ಲಿ ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಶೈಲಜಾ ಎಂಬ ಹುಡುಗಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು. ಹಳೆಯ ಮಿಷನ್ನೊಂದನ್ನು ಮಾರಲು ಇಟ್ಟಿದ್ದಳು. ಮೆಟ್ಟಿಲು ಹತ್ತಿ ಹೋಗಿ ಕೇಳಿದೆ.

"ಮೇಡಂ, ಈ ಪೆಟ್ಟಿಗಿ ಹಾಡ್ತತೇನ್ರೀ?"

"ಹಾಡುತ್ತೆ ಸರ್. ನೀವು ಹಾಡಿದ್ದನ್ನೇ ತಿರುಗಿ ಹಾಡುತ್ತೆ."

"ನಾ ಹಾಡಿದ್ರ ಅದು ಕೆಟ್ಟು ಹೋಗ್ತತಿ. ಕ್ಯಾಸೆಟ್ಟಿನ ಹಾಡು ಇದರಾಗ ಹಾಕಿದ್ರ ಬೂಸಲು ಬರ್ತತಾ?"

"ಬರಲ್ಲ. ಎಷ್ಟು ಸಲ ಕೇಳಿದ್ರೂ ಸವೆಯೋದೂ ಇಲ್ಲ ಸರ್."

ಸವೆಯುವುದಿಲ್ಲ ಎಂಬ ಆ ಒಂದು ಮಾತಿಗೆ ನಾನು ಬಿದ್ದುಹೋಗಿ ಪೆಟ್ಟಿಗೆ ಕೊಂಡೆ. ಹೊಸ ವರ್ಷ ಬಂದ ಗಳಿಗೆಯಲ್ಲೇ ಲೋಕದ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ನಿಲ್ಲುತ್ತವೆ ಎಂದು ಪೇಪರಿನಲ್ಲಿ ಬರುತ್ತಿದ್ದ ಕಾಲ ಅದು. ನಮ್ಮ ಕ್ಷೌರದಂಗಡಿಯವನು ಕತ್ತರಿ ಆಡಿಸುತ್ತ, "ಬಸಣ್ಣ, ಹೆಣ ತಗಂಡೀಯ ನೀನು" ಎಂದ. ಶೈಲಜಾಳನ್ನು ಕೇಳಿದರೆ, "ಭಜನೆಗೆ ತಾರೀಕು ಗೊತ್ತಿರಬೇಕಾ ಸರ್?" ಎಂದಳು. ಜಾಣೆ.

ಆ ಮಳೆಗಾಲವೆಲ್ಲ ಅದೇ ಕೆಲಸ. ಹೊರಗೆ ಆಷಾಢದ ಮಳೆ. ಅಂಬ್ಲಿಗೊಳದ ಡ್ಯಾಮು ತುಂಬುತ್ತಾ ಬಂತು ಎಂದು ಅಂಗಡಿಗೆ ಬಂದವರು ಹೇಳುವರು. ಒಳಗೆ ನಾನು ಕ್ಯಾಸೆಟ್ ಬಿಚ್ಚಿ, ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಬೂಸಲು ಒರೆಸಿ, ಡೆಕ್ಕಿಗೆ ಹಾಕಿ, ಡೆಕ್ಕಿನಿಂದ ಕಂಪ್ಯೂಟರಿಗೆ ತಂತಿ ಕೊಟ್ಟು ಕೂರುವೆ. ಹಾಡು ಎಷ್ಟು ಹೊತ್ತಿದೆಯೋ ಅಷ್ಟು ಹೊತ್ತು ಕೂರಲೇಬೇಕು. ಅವಸರ ಮಾಡುವಂತಿಲ್ಲ. ಆಮೇಲೆ ಆ ಹಾಡನ್ನು ಹಿಂಡಿ ಚಿಕ್ಕದು ಮಾಡಲು ಕಂಪ್ಯೂಟರು ಗುರ್ರೆನ್ನುತ್ತ ಇಡೀ ಮಧ್ಯಾಹ್ನ ತಿನ್ನುತ್ತಿತ್ತು. ಗಿರಾಕಿಗಳು ಬಂದು "ಇದೇನ್ರೀ, ಸಿನಿಮಾ ಹಾಡು ಬಿಟ್ಟು ಮಠ ಮಾಡೀರಲ್ಲ" ಎಂದು ರೇಗಿಸಿ ಹೋದರು. ನಾನು ಮುಂದಿನ ಕ್ಯಾಸೆಟ್ ಬಿಚ್ಚುವೆ.

ಹಳ್ಳಿಮನೆಯಲ್ಲಿ ಟಿ.ವಿ.ಯಂಥ ಪರದೆ ಇಟ್ಟು ಇಲಿ ಹಿಡಿದು ಆಡಿಸುವವರು ಯಾರು? ಶೈಲಜಾ ಒಂದು ಉಪಾಯ ಮಾಡಿದಳು. ಪರದೆಯೇ ಬೇಡ. ಕರೆಂಟು ಬಂದ ಕೂಡಲೇ ಪೆಟ್ಟಿಗೆ ತಾನಾಗಿ ಏಳುತ್ತದೆ, ಕೀಬೋರ್ಡಿನಲ್ಲಿ ನಂಬರ್ ಒತ್ತಿದರೆ ಆ ನಂಬರಿನ ಹಾಡು ಬರುತ್ತದೆ. ಒಂದಕ್ಕೆ ಗಣಪತಿ ಸ್ತುತಿ. ಒಂಬತ್ತಕ್ಕೆ ಮಂಗಳ. ಮಿಕ್ಕ ಹಾಡುಗಳಿಗೆ ನಡುವಿನ ನಂಬರುಗಳು.

ಮಳೆ ಹಿಂದಾದ ಮೇಲೆ ಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸು ಹತ್ತಿದೆ. "ಬಸಣ್ಣ, ಅದೇನ್ರೀ ಅದು, ಲಗೇಜು?" ಎಂದ ಕಂಡಕ್ಟರ್.

"ಲಗೇಜಲ್ಲೋ, ಇದು ಗುತ್ಯಪ್ಪ. ಫುಲ್ ಟಿಕೆಟ್ಟೇ ಹರಿ" ಎಂದೆ.

ಜಗಲಿಯ ಗೋಡೆಯ ಗೂಡಿನಲ್ಲಿ ಅದನ್ನು ಕೂರಿಸಿದೆ. ನನ್ನ ಹಳೆಯ ಆಂಪ್ಲಿಫೈಯರಿನಿಂದ ತಂತಿ ಎಳೆದು ಜಗಲಿಗೊಂದು, ಅಡುಗೆಮನೆಗೊಂದು, ಕೊಟ್ಟಿಗೆಗೊಂದು ಸ್ಪೀಕರ್ ಕಟ್ಟಿದೆ. ಗುತ್ಯಪ್ಪ ಗೋಡೆಗೆ ಮುಖ ಮಾಡಿಯೇ ಮಲಗಿದ್ದ. ಒಂದನ್ನು ಒತ್ತಿದೆ.

ದನಿ ಬಂತು. ಎಳೆತವಿಲ್ಲ, ಬೂಸಲಿಲ್ಲ, ಸಪ್ತಾಹದ ಮೊದಲ ಹಾಡಿನ ತುಂಬು ದನಿ. ನೀಲಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಕೊಟ್ಟಿಗೆಯಲ್ಲಿ ಮಲಗಿದ್ದ ಕೆಂದ ಹಸು ದಡಕ್ಕನೆ ಎದ್ದು "ಅಂಬಾ" ಎಂದಿತು. ಹಾಲು ಕರೆಯುವಾಗ ಅವನು ಹಾಡುತ್ತಿದ್ದದ್ದು ಅದಕ್ಕೆ ನೆನಪಿತ್ತು. ಗುತ್ಯಪ್ಪ ಎದ್ದು ಕೂತ. ಆಮೇಲೆ ಗೋಡೆ ಹಿಡಿದುಕೊಂಡು ಜಗಲಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕೊಟ್ಟಿಗೆಗೆ ತನ್ನ ದನಿಯ ಹಿಂದೆಯೇ ನಡೆದ. ಹಾಡು ಮುಗಿಯುವವರೆಗೂ ಹಸುವಿನ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತಿದ್ದ.

ಅಂದು ಅವನು ಹೊಟ್ಟೆ ತುಂಬ ಊಟ ಮಾಡಿದ.

ಆ ತಿಂಗಳ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅವನು ಆ ನಂಬರುಗಳನ್ನು ಮಾತಾಗಿ ಬಳಸತೊಡಗಿದ. ಹಸಿವಾದರೆ ಒಂದು ಒತ್ತುವನು, ನೀಲಮ್ಮ ಎಲೆ ಹಾಕುವಳು. ಅವಳ ಮೇಲೆ ಸಿಟ್ಟು ಬಂದರೆ ನಾಲ್ಕು. ಸಂಸಾರವೆಲ್ಲ ಸುಳ್ಳು ಎನ್ನುವ ತತ್ವಪದ. ಸಿಟ್ಟಿಳಿದರೆ ಏಳು; ಹೊಸ ಮದುವಣಗಿತ್ತಿಯನ್ನು ಬಣ್ಣಿಸುವ ಸೋಬಾನೆ. ನೀಲಮ್ಮ ಒಳಗಿಂದಲೇ "ಸಾಕು ಸಾಕು, ಗೊತ್ತಾತು" ಎನ್ನುವಳು. ಇನ್ನು ಒಂಬತ್ತು. ನಮ್ಮ ಕಡೆ ಭಜನೆಯಲ್ಲಿ ಮಂಗಳ ಹಾಡಿದರೆ ಯಾರೂ ಕೂತಿರುವಂತಿಲ್ಲ. ಎದ್ದು ನಿಂತು ಕೈ ಮುಗಿಯಬೇಕು, ಅಲ್ಲಿಗೆ ಭಜನೆ ಮುಗಿಯಿತು, ಮನೆಗೆ ನಡೆಯಬೇಕು. ವಿಮೆ ಮಾಡಿಸಲು ಬಂದವನೊಬ್ಬ ಜಗಲಿ ಬಿಟ್ಟೇಳದೆ ಕೊರೆಯುತ್ತಿದ್ದಾಗ ಗುತ್ಯಪ್ಪ ಒಂಬತ್ತು ಒತ್ತಿದ. ಪಾಪ, ಆ ಮನುಷ್ಯ ಭಕ್ತಿಯಿಂದ ಎದ್ದು ಕೈ ಮುಗಿದ. ಮಂಗಳ ಮುಗಿಯುವಷ್ಟರಲ್ಲಿ ನೀಲಮ್ಮ ಅವನ ಕೊಡೆ ತಂದು ಕೈಗೆ ಕೊಟ್ಟಿದ್ದಳು.

ನಾನು ಹೋದಾಗಲೂ ಅಷ್ಟೇ. ಸ್ವಲ್ಪ ಜಂಬ ಕೊಚ್ಚಲು ಬಾಯಿ ತೆರೆದರೆ ಸಾಕು, ಒಂಬತ್ತು. ಭುಜ ಕುಣಿಸುತ್ತ ಸದ್ದಿಲ್ಲದೆ ನಗುವನು. "ಲೇ ಗುತ್ಯಾ, ನಾನೇ ಕಟ್ಟಿದ ಮೈಕಿನಾಗ ನನ್ನೇ ಓಡಿಸ್ತೀಯೇನಲೇ!" ಎಂದು ಬೈಯುವೆ. ಇನ್ನೊಂದು ಸಲ ಒತ್ತುವನು. ಮಾತಿನಲ್ಲಿ ಮತ್ತೆ ನನ್ನನ್ನು ಸೋಲಿಸುತ್ತಿದ್ದ, ಗಂಟಲಿಲ್ಲದೆ.

ನವರಾತ್ರಿ ಕಳೆದು ಭತ್ತ ಹಾಲುಗಾಳಾಯಿತು. ಗಿಳಿಗಳು ಬಂದವು. ಕೂಗಲು ಅವನಿಗೆ ದನಿಯಿಲ್ಲ. ನೀಲಮ್ಮ ಡಬ್ಬಿ ಬಡಿದು ಸುಸ್ತಾದಳು. ಆ ವಾರ ನಾನು ಹೋದಾಗ ಗುತ್ಯಪ್ಪ ಕೈ ಹಿಡಿದು ಗದ್ದೆಗೆ ಕರೆದೊಯ್ದ. ಬದುವಿನುದ್ದಕ್ಕೂ ಗೂಟ ನೆಟ್ಟು, ಗೂಟದಿಂದ ಗೂಟಕ್ಕೆ ಕ್ಯಾಸೆಟ್ಟಿನ ರೀಲು ಕಟ್ಟಿದ್ದ. ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಗಾಳಿ ಬೀಸಿದರೆ ರೊಂಯ್ ಎಂದು ಗದ್ದೆಯೇ ಗುನುಗಿದಂತೆ. ಹಿಂಡು ಕಟ್ಟಿ ಬಂದ ಗಿಳಿಗಳು ಮೇಲೇ ತಿರುಗಿ ಹೋದವು. ಕೆಟ್ಟ ಕ್ಯಾಸೆಟ್ಟಿನ ರೀಲನ್ನು ಹೀಗೆ ಕಟ್ಟುವುದು ನಮ್ಮಲ್ಲಿ ಹೊಸದಲ್ಲ. ಆದರೆ ಅವನು ಕಂಕುಳಿನಿಂದ ಸ್ಲೇಟು ತೆಗೆದು ಬರೆದ: "ನನ್ ದನಿಗೆ ಗಿಣಿ ಹಾರ್ತಾವೆ ಅಂತಿದ್ಯಲ್ಲ. ಹಾರ್ಸಿದೆ ನೋಡು."

ಪೆಟ್ಟಿಗೆಯ ಜೊತೆ ನಾನು ವಾಪಸು ಕೊಟ್ಟಿದ್ದ, ಬೂಸಲು ಹಿಡಿದಿದ್ದ ಅವನ ಭಜನೆಯ ರೀಲುಗಳೇ ಅವು. ನಾನು ಬದುವಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಷ್ಟು ವರ್ಷದ ಕುಚೋದ್ಯವನ್ನು ಅವನು ಒಂದೇ ಏಟಿಗೆ ತೀರಿಸಿಕೊಂಡಿದ್ದ! ನೀಲಮ್ಮನೂ ನಕ್ಕಳು: "ಹಾಡೆಲ್ಲ ಪೆಟ್ಟಿಗೇಲೈತೆ. ಈ ಬೂಸ್ಲು ರೀಲಿಟ್ಕಂಡು ಏನ್ ಪೂಜೆ ಮಾಡಾದಾ?" ದೀಪಾವಳಿ ಕಳೆದ ಮೇಲೆ ಪೆಟ್ಟಿಗೆಯನ್ನು ಶಿವಮೊಗ್ಗಕ್ಕೆ ಒಯ್ದು ಹಾಡುಗಳನ್ನು ಸಿ.ಡಿ.ಗೂ ಹಾಕಿಸೋಣ ಎಂದು ಶೈಲಜಾ ಹೇಳಿದ್ದಳು. ದೀಪಾವಳಿ ಹತ್ತಿರದಲ್ಲೇ ಇತ್ತು.

ಅದಕ್ಕೂ ಮೊದಲೇ ಜಡಿಮಳೆ ಹಿಡಿಯಿತು. ಸಮುದ್ರದಲ್ಲಿ ಎಲ್ಲೋ ಚಂಡಮಾರುತವಂತೆ. ಭತ್ತ ಮಲಗಿತು. ಮನೆಯ ಗೋಡೆಗಳು ಬೆವರಿದವು. ಥಂಡಿ ಗಾಳಿಗೆ ನೀಲಮ್ಮ ತನಗೆ ಗೊತ್ತಿದ್ದುದನ್ನು ಮಾಡಿದಳು. ಬೀಜದ ಗಡಿಗೆಗೆ ಬಟ್ಟೆ ಬಿಗಿದಳು. ಕರುವಿಗೆ ಗೋಣಿ ಕಟ್ಟಿದಳು. ಗಂಡನ ಕುತ್ತಿಗೆಗೆ ಮಫ್ಲರ್ ಸುತ್ತಿದಳು. ಗೂಡಿನ ಗೋಡೆಯಲ್ಲಿ ನೀರಿನ ಪಸೆ ಇಳಿಯುತ್ತಿದ್ದದ್ದು ಕಂಡಿತು. ಗಂಡನ ಕಂಬಳಿ ತಂದು ಎರಡು ಮಡಿಕೆ ಮಾಡಿ, ಗುರ್ರೆನ್ನುತ್ತಿದ್ದ ಪೆಟ್ಟಿಗೆಗೆ ಸಂದು ಬಿಡದೆ ಹೊದಿಸಿದಳು.

ಕಂಬಳಿ ಹೊದ್ದರೆ ಎಂಥ ಮಳೆಯಲ್ಲೂ ಜೀವ ಬೆಚ್ಚಗಿರುತ್ತದೆ. ಅವಳ ಅಜ್ಜಿಗೆ ಗೊತ್ತಿದ್ದ ಮಾತು ಅದು. ಪೆಟ್ಟಿಗೆಗೆ ಗಾಳಿ ಬೇಕು ಎಂದು ಅವಳಿಗೆ ಯಾರು ಹೇಳಿದ್ದರು?

ಸಂಜೆ ಗುತ್ಯಪ್ಪ ಗದ್ದೆಯಿಂದ ನೆನೆದು ಬಂದು ಒಂದನ್ನು ಒತ್ತಿದನಂತೆ. ಹಾಡು ಶುರುವಾಯಿತು. ಒಂದು ಅಕ್ಷರದ ಮೇಲೆ ಸಿಕ್ಕಿಕೊಂಡು ಗ, ಗ, ಗ ಎಂದು ತೊದಲಿತು. ನಿಂತಿತು. ಕಾದ ಕಂಬಳಿಯ ವಾಸನೆ ಮನೆ ತುಂಬಿತು.

ನನ್ನ ಅಂಗಡಿಯ ಪಕ್ಕದ ಎಸ್.ಟಿ.ಡಿ. ಬೂತಿಗೆ ಫೋನು ಬಂತು. ನೀಲಮ್ಮ. "ಬಸಣ್ಣಾರೇ, ಹೆಂಗಿದ್ರೂ ಬರ್ರೀ. ಇವ್ರು ಮಾತಾಡ್ತಿಲ್ಲ."

ಬೇಸಿಗೆಯಿಂದ ದನಿಯಿಲ್ಲದವನ ಬಗ್ಗೆ ಅವಳು ಹಾಗೆಂದಳು. ನನಗೆ ತಕ್ಷಣ ಅರ್ಥವಾಯಿತು.

ಹೋಗಿ ಪೆಟ್ಟಿಗೆಯನ್ನು ತಂದು ಶೈಲಜಾಳ ಮೇಜಿನ ಮೇಲಿಟ್ಟೆ. ಬಿಚ್ಚಿದಳು, ಕರೆಂಟು ಕೊಟ್ಟಳು. ಒಳಗಿಂದ ಟಕ್, ಟಕ್, ಟಕ್. ಅವಳು ಸ್ವಿಚ್ ಆರಿಸಿ, "ಸರ್, ಹಾಡು ಇರೋ ಡಿಸ್ಕೇ ಹೋಗಿದೆ" ಎಂದಳು. ನಾನು ನಗಿಸುವ ಮಾತು ಹುಡುಕಿದೆ. ಅವಳ ಕಣ್ಣಲ್ಲಿ ನೀರಿತ್ತು. ಶಿವಮೊಗ್ಗದಲ್ಲೂ ತೋರಿಸಿದೆ. ಅವರೂ ಕಿವಿಗಿಟ್ಟುಕೊಂಡು ಆ ಟಕ್ ಟಕ್ ಕೇಳಿ, ತಲೆಯಾಡಿಸಿ ವಾಪಸು ಕೊಟ್ಟರು.

ಇನ್ನುಳಿದಿದ್ದು ಗದ್ದೆ. ಮಳೆ ನಿಂತ ಬೆಳಿಗ್ಗೆ ನಾನೂ ನೀಲಮ್ಮನೂ ಗೂಟದಿಂದ ಗೂಟಕ್ಕೆ ನಡೆದು ರೀಲು ಬಿಚ್ಚಿದೆವು. ಬಿಸಿಲಿಗೆ ಸುರುಟಿ, ಗಾಳಿಗೆ ಎಳೆದು, ಮಳೆಗೆ ತೊಯ್ದು ಒಂದಕ್ಕೊಂದು ತೊಡರಿಕೊಂಡಿತ್ತು. ಮುಟ್ಟಿದರೆ ಬೆರಳಿಗೆ ಕಂದು ಬಣ್ಣ ಹತ್ತುತ್ತಿತ್ತು. ಅದು ಬರೀ ಬಣ್ಣವಲ್ಲ, ಹಾಡು ಎಂದು ಗೊತ್ತಿದ್ದದ್ದು ನನಗೊಬ್ಬನಿಗೆ. ನೀಲಮ್ಮ ಅದನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

"ನನ್ ಕೈಯಾರೆ ಉಸ್ರು ಕಟ್ಸಿದ್ನಲ್ಲಾ ಬಸಣ್ಣಾರೇ" ಎಂದು ಬದುವಿನ ಮೇಲೆ ಕುಸಿದಳು. "ಅದ್ಕೂ ಥಂಡಿ ಆದೀತು ಅಂತ..."

ಮನೆಗೆ ಬಂದಾಗ ಗುತ್ಯಪ್ಪ ಅವಳ ಮೇಲೆ ಸಿಟ್ಟಾಗಲಿಲ್ಲ. ಸ್ಲೇಟಿನ ಮೇಲೆ ಬರೆದು ತೋರಿಸಿದ: "ನಂಗೆ ಹೊದ್ಸ್ದಂಗೇ ಹೊದ್ಸಿದೀಯ. ಬಿಡು." ಆಮೇಲೆ ಸ್ಲೇಟನ್ನು ಗೋಡೆಯ ಮೊಳೆಗೆ ಸಿಗಿಸಿದ. ಅದನ್ನು ಮತ್ತೆ ಇಳಿಸಲಿಲ್ಲ.

ರೀಲುಗಳನ್ನು ಅಂಗಡಿಗೆ ತಂದು ನೆರಳಲ್ಲಿ ಒಣಗಿಸಿ, ಸಿಕ್ಕು ಬಿಡಿಸಿ, ಖಾಲಿ ಕ್ಯಾಸೆಟ್ಟಿಗೆ ಸುತ್ತಿ, ಡೆಕ್ಕಿಗೆ ಹಾಕಿ ಕೇಳಿದೆ. ಒಂದೊಂದನ್ನೂ ಕೇಳಿದೆ. ಸರ್ರ್ ಎಂದು ಮಳೆ ಸುರಿದ ಸದ್ದು. ದನಿ ಹೋಗಲಿ, ತಾಳದ ಒಂದು ಟಣ್ ಕೂಡ ಇರಲಿಲ್ಲ.

ಹೊಸ ವರ್ಷ ಬಂತು. ಲೋಕದ ಒಂದು ಕಂಪ್ಯೂಟರೂ ಸಾಯಲಿಲ್ಲ. ಕ್ಷೌರದಂಗಡಿಯವನು "ಎಲ್ಲಾ ಸುಳ್ಳು ಸುದ್ದಿ ಬಸಣ್ಣ" ಎಂದು ಬೇಸರಪಟ್ಟ. ನಾನು ಆ ಮಾತನ್ನೇ ಹಿಡಿದುಕೊಂಡು ಕುಪ್ಪಗಡ್ಡೆಗೆ ಹೋದೆ, ಹೇಳಿ ನಗಿಸೋಣವೆಂದು.

ಗದ್ದೆ ಕೊಯ್ದಾಗಿತ್ತು. ಗುತ್ಯಪ್ಪ ಜಗಲಿಯಲ್ಲಿ ಕೂತಿದ್ದ, ತೀರ ಸಣ್ಣಗಾಗಿದ್ದ. ಗೂಡು ಖಾಲಿ. ಅದರೊಳಗೆ ಕೀಬೋರ್ಡ್ ಮಾತ್ರ ಇತ್ತು, ತಂತಿಯ ತುದಿ ಕೆಳಗೆ ಇಳಿಬಿದ್ದಿತ್ತು. ಹೇಳಿದೆ. ನಗಲಿಲ್ಲ. ಬೇರೆ ಹೇಳಿದೆ. ಕೊಟ್ಟಿಗೆಯಲ್ಲಿ ಹಸು ಕೊಸರಾಡುತ್ತಿತ್ತು. ಹಾಡಿಲ್ಲದೆ ಸೊರ ಬಿಡುತ್ತಿಲ್ಲ, ಹಾಲಿಳಿಸುತ್ತಿಲ್ಲ ಎಂದಳು ನೀಲಮ್ಮ. ಬೆಂಗಳೂರಲ್ಲಿ ಸತ್ತ ಡಿಸ್ಕಿನಿಂದಲೂ ಹಾಡು ತೆಗೆಯುವವರಿದ್ದಾರಂತೆ, ವಿಚಾರಿಸ್ತಿದ್ದೀನಿ ಎಂದೆ. ಯಾರನ್ನೂ ವಿಚಾರಿಸಿರಲಿಲ್ಲ. ಯುಗಾದಿಯೊಳಗೆ ನಿನ್ನ ದನಿ ವಾಪಸು ತರದಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದೆ. ಈಸೂರಿನ ಹೋಳಿಗೆಯ ಕಥೆಯನ್ನು ಮತ್ತೆ ಹೇಳಿದೆ. ಮಾತು ನಿಲ್ಲಿಸಲು ನನಗೆ ಭಯವಾಗಿತ್ತು.

ಅವನು ಮೊಣಕಾಲಿಗೆ ಕೈಯೂರಿ ಎದ್ದ. ಗೂಡಿನ ಹತ್ತಿರ ಹೋದ. ಯಾವುದಕ್ಕೂ ತಗಲಿಸದ ಆ ಕೀಬೋರ್ಡಿನ ಮೇಲೆ ಬೆರಳಾಡಿಸಿ, ಒಂಬತ್ತನ್ನು ಒತ್ತಿದ. ನನ್ನ ಕಡೆ ನೋಡಿದ.

ಏನೂ ಕೇಳಿಸಲಿಲ್ಲ. ಅಡುಗೆಮನೆಯ ಸ್ಪೀಕರೂ ಸುಮ್ಮನಿತ್ತು, ಕೊಟ್ಟಿಗೆಯದೂ ಸುಮ್ಮನಿತ್ತು. ಅವನ ಭುಜ ಕುಣಿಯುತ್ತದೇನೋ ಎಂದು ಕಾದೆ. ಕುಣಿಯಲಿಲ್ಲ. ಬೆರಳನ್ನು ಎತ್ತದೆ ಹಾಗೇ ಒತ್ತಿ ಹಿಡಿದುಕೊಂಡು ನಿಂತಿದ್ದ. ಮಂಗಳ ಎಷ್ಟು ಉದ್ದವೆಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಎದ್ದು ನಿಂತೆ. ಅವನಿಗೆ ಕೈ ಮುಗಿದೆ. ನೀಲಮ್ಮ ನನ್ನ ಚಪ್ಪಲಿಯನ್ನು ಬಾಗಿಲಿನ ಕಡೆ ತಿರುಗಿಸಿಟ್ಟಳು. ನಾನು ಗುತ್ಯಪ್ಪನನ್ನು ಜೀವಂತ ನೋಡಿದ್ದು ಅದೇ ಕೊನೆ. ತಿರುಗಿ ನೋಡೋಣ ಎನಿಸಿತು, ನೋಡಲಿಲ್ಲ. ಮಂಗಳ ಆದ ಮೇಲೆ ನಮ್ಮ ಕಡೆ ಯಾರೂ ಹಿಂದೆ ಉಳಿಯುವುದಿಲ್ಲ.